ಬೀಸುಕಲ್ಲಿನ ನಾಯಕತ್ವ

ಸಂಸ್ಕೃತಿ ಮತ್ತು ನಾಯಕತ್ವ ಎಂಬ ವಿಷಯದಲ್ಲಿ ಬೈಲಹೊಂಗಲದಿಂದ ರಾಮದುರ್ಗದವರೆಗೆ ತನ್ನನ್ನು ಬಿಟ್ಟರೆ ಯಾರಿದ್ದಾರೆ ಎಂದು ಡಾ. ರಘೋತ್ತಮ ಕೇಳಿಕೊಂಡಾಗಲೆಲ್ಲ, ಯಾರೂ ಇಲ್ಲ ಎಂಬ ಉತ್ತರ ಒಳಗಿನಿಂದಲೇ ಬರುತ್ತಿತ್ತು. ಕಾರ್ಖಾನೆಯ ಮ್ಯಾನೇಜರುಗಳನ್ನು ತೊರಗಲ್ ಕೋಟೆ ಹತ್ತಿಸಿ, ಅವರಿನ್ನೂ ಏದುಸಿರು ಬಿಡುತ್ತಿರುವಾಗಲೇ ‘ದೂರದೃಷ್ಟಿ’ ಕಲಿಸಿದವನು ಅವನು. ಹೂಲಿಯ ಗುಡಿಗಳ ಮುಂದೆ ಬ್ಯಾಂಕಿನವರನ್ನು ಕಣ್ಣು ಮುಚ್ಚಿಸಿ ಕೂಡಿಸಿ ‘ಪರಂಪರೆಯ ಉಸಿರು’ ಎಳೆಸಿದವನೂ ಅವನೇ. ಹೀಗಿರುವಾಗ ಕಿತ್ತೂರಿನ ಟ್ರಸ್ಟಿನವರು ಹೊಸ ಅಧ್ಯಯನ ಕೇಂದ್ರಕ್ಕೆ ಮೃಣಾಲಿನಿಯನ್ನು ನಿರ್ದೇಶಕಿ ಮಾಡುತ್ತಾರಂತೆ ಎಂದರೆ ಹೊಟ್ಟೆ ಉರಿಯದೆ ಇರುತ್ತದೆಯೇ? ಆಕೆ ಮಾಡಿದ್ದಾದರೂ ಏನು? ಹಳ್ಳಿ ಹಳ್ಳಿ ತಿರುಗಿ ಮುದುಕಿಯರ ಹಾಡು ಕೇಳಿದ್ದು. ಅದೂ ಪುಕ್ಕಟೆ.

ಆಕೆಯ ಬಲವೆಲ್ಲ ಒಂದೇ ಹಾಡಿನಲ್ಲಿತ್ತು. ದಂಡು ಬಂದಾಗ ಊರು ಕಾಯ್ದ ಹೆಣ್ಣುಮಗಳೊಬ್ಬಳ ಕತೆ. ಸಂಗೊಳ್ಳಿಯ ಶಟ್ಟೆವ್ವ ಬೀಸುತ್ತ ಹಾಡಿದ ಪದ. ಬೇರೆ ಯಾರಿಗೂ ಅದು ಬರುತ್ತಿರಲಿಲ್ಲ. ಶಟ್ಟೆವ್ವನೂ ಈಗ ಇರಲಿಲ್ಲ. ಮೃಣಾಲಿನಿ ಮಾಡಿಕೊಂಡ ಅದರ ಧ್ವನಿಮುದ್ರಣವಿದ್ದ ಒಂದೇ ಲ್ಯಾಪ್‌ಟಾಪ್ ಕೆಟ್ಟಾಗ, ಪುಣೆಯಲ್ಲಿ ನನ್ನ ಪರಿಚಯದವರಿದ್ದಾರೆ ಎಂದು ರಘೋತ್ತಮ ತಾನೇ ಮುಂದಾಗಿ ಇಸಿದುಕೊಂಡ. ಪುಣೆಯವರು ಎಲ್ಲವನ್ನೂ ತೆಗೆದುಕೊಟ್ಟರು. ಮೃಣಾಲಿನಿಗೆ ಮಾತ್ರ, “ಏನೂ ಉಳದಿಲ್ರೀ. ನನಗೂ ಭಾಳ ಕೆಟ್ಟ ಅನಸ್ತು” ಎಂದ. ಆಕೆ ಅತ್ತಾಗ ಕರವಸ್ತ್ರ ಕೊಟ್ಟ. ಸಹಾನುಭೂತಿಯೂ ನಾಯಕನ ಗುಣವಲ್ಲವೇ?

ಮುಂದಿನದು ನಾಜೂಕಿನ ಕೆಲಸ. ಇಯರ್‌ಫೋನ್ ಹಚ್ಚಿಕೊಂಡು, ಮೃಣಾಲಿನಿ ಕೇಳಿದ ಒಂದೊಂದು ಪ್ರಶ್ನೆಯನ್ನೂ ಕತ್ತರಿಸಿದ. ಆಕೆಯ ಕೆಮ್ಮು, ‘ಹೌದನ ಆಯಿ?’ ಎಂಬ ಬೆರಗು, ಚಹಾ ಬೇಡವೆಂದದ್ದು, ಎಲ್ಲ ಹೋಯಿತು. ಆ ಜಾಗಗಳಲ್ಲಿ ತನ್ನ ಗಂಭೀರ ದನಿ ಕೂಡಿಸಿದ. ಹಾಡು ಬಂದಲ್ಲಿ ಮಾತ್ರ ಒಂದೆರಡು ಸಾಲು ಕೇಳಿ ಮುಂದಕ್ಕೆ ಸರಿಸಿದ. ಅಷ್ಟುದ್ದದ ಹಾಡು ಕೇಳುವ ಪುರಸೊತ್ತು ನಾಯಕರಿಗೆಲ್ಲಿ?

ನೇಮಕದ ದಿನ ಕಿತ್ತೂರಿನ ಸಭಾಂಗಣ ತುಂಬಿತ್ತು. ಮಗನ ಗೆಲುವು ನೋಡಲೆಂದು ಸವದತ್ತಿಯಿಂದ ತಾಯಿ ಕಮಲಾಬಾಯಿಯನ್ನು ಕರೆಸಿ ಮುಂದಿನ ಕುರ್ಚಿಯಲ್ಲಿ ಕೂಡಿಸಿದ್ದ. ಮೃಣಾಲಿನಿ ಹಿಂದೆಲ್ಲೋ ತಲೆ ತಗ್ಗಿಸಿ ಕುಳಿತಿದ್ದಳು; ಧ್ವನಿಮುದ್ರಣ ತನ್ನದೆಂದು ತೋರಿಸಲು ಆಕೆಯ ಬಳಿ ಏನೂ ಉಳಿದಿರಲಿಲ್ಲ. ತನ್ನದೇ ಸಂಗ್ರಹವೆಂದು ಹಾಡು ಕೇಳಿಸಿದ ಮೇಲೆ ರಘೋತ್ತಮ ದನಿ ತಗ್ಗಿಸಿ ಹೇಳಿದ: “ಆ ಮನೆಯಲ್ಲಿ ಇದ್ದವರು ಇಬ್ಬರೇ. ಹಾಡುವ ಶಟ್ಟೆವ್ವ, ಕೇಳುವ ನಾನು. ಆಕೆ ಪ್ರತಿ ಸಾಲನ್ನೂ ಎರಡು ಸಲ ಹಾಡುತ್ತಾಳೆ, ಗಮನಿಸಿದಿರಾ? ಪುನರುಚ್ಚಾರವೇ ನಾಯಕತ್ವದ ಪ್ರಾಣ.” ಚಪ್ಪಾಳೆ ಬಿತ್ತು. ಟ್ರಸ್ಟಿನ ಅಧ್ಯಕ್ಷ ಸತ್ಯಪ್ಪನವರು ಖುಷಿಯಾಗಿ, ಇಂಥ ಮಗನನ್ನು ಹಡೆದ ತಾಯಿಯೂ ಎರಡು ಮಾತಾಡಲಿ ಎಂದು ಮೈಕನ್ನು ಕಮಲಾಬಾಯಿಯ ಕೈಗೆ ಕೊಟ್ಟರು.

ಆಕೆ ನಾಚುತ್ತಲೇ ಶುರುಮಾಡಿದಳು. “ಇಬ್ಬರೂ ಛಲೋ ಹಾಡ್ಯಾರ. ನಾವೂ ಹಿಂಗ ಬೀಸತಿದ್ವಿ. ಒಬ್ಬಾಕಿ ಸಾಲು ಎತ್ತತಾಳ, ಎದರಿಗೆ ಕೂತಾಕಿ ಅದನ್ನ ತಿರುಗಿ ಹಾಡತಾಳ; ಅಷ್ಟರಾಗ ಮೊದಲಿನಾಕಿ ಉಸರು ತೊಗೋತಾಳ. ಕಲ್ಲು ತಿರುಗಸ್ತ ಒಬ್ಬಾಕಿಗೇ ಆಗೂದಲ್ಲದು. ರಘೂ, ಶಟ್ಟೆವ್ವನ ಎದರಿಗೆ ಕೂತಾಕಿ ಯಾರೋ? ಎಳೇ ದನಿ ಅದ.” ರಘೋತ್ತಮ ಮೈಕಿಗೆ ಕೈ ಚಾಚಿದ. ಸತ್ಯಪ್ಪನವರು ಹಾಡನ್ನು ಮತ್ತೆ ಹಚ್ಚಿಸಿದರು. ಶಟ್ಟೆವ್ವ ಸಾಲು ಎತ್ತಿದಳು. ಅದರ ಮರುದನಿ ಸ್ಪೀಕರಿನಿಂದಲೂ ಬಂತು, ಹಿಂದಿನ ಕುರ್ಚಿಯಲ್ಲಿ ಮೆಲ್ಲಗೆ ತಲೆ ಎತ್ತಿದ ಮೃಣಾಲಿನಿಯ ಕೊರಳಿನಿಂದಲೂ ಬಂತು. ದನಿ ಒಂದೇ.