ಕೆಂಪು ದೀಪ ಆರುವ ಮುನ್ನ

"ಬೀಗಪ್ಪ ಅಂದ್ರೆ ನೀವೇನಾ?"

ತರಬೇತಿ ಕೊಡಲು ಬಂದವಳ ಮೊದಲ ಮಾತೇ ಇದು. ಬ್ಯಾಟರಿ ಅಂಗಳದ ಕೆಲಸಗಾರರು ನಗು ನುಂಗಿಕೊಂಡರು. ಆ ಅಡ್ಡಹೆಸರನ್ನು ಅವರು ಮೇಲ್ವಿಚಾರಕನ ಬೆನ್ನ ಹಿಂದೆ ಮಾತ್ರ ಆಡುತ್ತಿದ್ದರು.

ಅವನು ಅವಳನ್ನು ನೋಡಿದ. ಬೇಕಾದ್ದಕ್ಕಿಂತ ತುಸು ಹೆಚ್ಚೇ ನೋಡಿದ.

"ಹೌದು ಮೇಡಂ, ನಾನೇ."

ಅದೇ ಧ್ವನಿ! ಎರಡು ವರ್ಷದ ಹಿಂದೆ ಫೋನಿನಲ್ಲಿ ಕೇಳಿದ್ದು. 'ಬಾಗಿಲು ತೆಗೆಯಬೇಡಿ ಅಂದವನು ನಾನೇ, ಇದು ಬೇರೆಯವರ ಬಾಯಿಂದ ನಿಮಗೆ ತಿಳಿಯಬಾರದು' ಎಂದಿದ್ದ ಧ್ವನಿ. ಪೂರ್ತಿ ಕೇಳದೆ ಅವಳು ಫೋನ್ ಇಟ್ಟಿದ್ದಳು.

'ನಾನು ಯಾರೆಂದು ಇವನಿಗೆ ಗೊತ್ತಿಲ್ಲ. ಒಳ್ಳೆಯದೇ ಆಯಿತು...'

ಅಂಗಳದಲ್ಲಿ ಸಾಲಾಗಿ ಬಿಳಿ ಕಂಟೇನರುಗಳು. ಕರೆಂಟು ಅಗ್ಗವಿದ್ದಾಗ ಅವುಗಳ ಬ್ಯಾಟರಿಗಳು ಹೊಟ್ಟೆ ತುಂಬಿಸಿಕೊಳ್ಳುತ್ತವೆ. ದುಬಾರಿಯಾದಾಗ, ಇಲ್ಲವೇ ಕೈಕೊಟ್ಟಾಗ, ಪಕ್ಕದ ಡೇಟಾ ಸೆಂಟರಿನ ಕಂಪ್ಯೂಟರುಗಳು ಕಣ್ಣು ಮುಚ್ಚದಂತೆ ಕಾಯುತ್ತವೆ. ಒಂದು ಬ್ಯಾಟರಿ ಕೆಟ್ಟು ಕಾದರೆ ಒಳಗೆ ಉಸಿರು ಕಟ್ಟಿಸುವ, ಹೊತ್ತಿಕೊಳ್ಳುವ ಗ್ಯಾಸ್ ತುಂಬುತ್ತದೆ. ಆಗ ಬಾಗಿಲು ತೆಗೆದರೆ ಗಾಳಿ ನುಗ್ಗಿ ಇಡೀ ಕಂಟೇನರೇ ಸಿಡಿಯಬಹುದು. ಅದಕ್ಕೇ ನಿಯಮ: ಬಾಗಿಲ ಮೇಲಿನ ಕೆಂಪು ದೀಪ ಆರುವ ತನಕ ತೆಗೆಯಬಾರದು.

ಒಳಗೆ ಯಾರೇ ಇರಲಿ.

ಅಂದು ಇನ್ನೊಂದು ಊರಿನ ಅಂಗಳದಲ್ಲಿ ಒಳಗಿದ್ದವನು ಅವಳ ಗಂಡ. ಹೆಣ ಮನೆಗೆ ಬರುವ ಮೊದಲೇ ಕಂಪನಿಯ ಪ್ರಕಟಣೆ ಬಂದಿತ್ತು. ಗ್ರಾಹಕರ ಸೇವೆಗೆ ಕ್ಷಣವೂ ಅಡಚಣೆಯಾಗಿಲ್ಲವಂತೆ.

ಆಮೇಲೆ ಅವಳು ಅತ್ತದ್ದು ಕಡಿಮೆ, ಓದಿದ್ದು ಹೆಚ್ಚು. ಬ್ಯಾಟರಿ ಸುರಕ್ಷತೆಯನ್ನೇ ಓದಿದಳು. ಈಗ ಅವಳು ಪಾಸು ಮಾಡಿದರೆ ಮಾತ್ರ ಅಂಗಳದ ಮೇಲ್ವಿಚಾರಕರಿಗೆ ಕೆಲಸ.

ಪಾಸು ಮಾಡುವ ಉದ್ದೇಶ ಅವಳಿಗಿರಲಿಲ್ಲ. ಅದಕ್ಕೂ ಮೊದಲು ಒಂದು ವಿಷಯ ತಿಳಿಯಬೇಕಿತ್ತು. ಅಂದು ಬಾಗಿಲು ಮುಚ್ಚಿ ಹಿಡಿದ ಕೈ ಒಮ್ಮೆಯಾದರೂ ನಡುಗಿತ್ತೇ?

ಎಲ್ಲರೆದುರು ಅವನಿಂದಲೇ ನಿಯಮ ಓದಿಸಿದಳು. ಸಾಲದೆಂದು ಮತ್ತೆ ಓದಿಸಿದಳು. "ಯಾರೇ ಇರಲಿ" ಎಂಬಲ್ಲಿ ಅವನ ದನಿ ತಗ್ಗಿದರೆ, ಜೋರಾಗಿ, ಹಿಂದಿನವರಿಗೂ ಕೇಳಿಸಲಿ ಎಂದಳು. ಅವನು ಮತ್ತೆ ಮೊದಲಿಂದ ಓದಿದ.

ಸಂಜೆ ಮನೆಯಲ್ಲಿ ಅತ್ತೆಯದು ಒಂದೇ ವಿಚಾರಣೆ. ಮಗನನ್ನು ನುಂಗಿದವನಿಗೆ ಉಂಡದ್ದು ಮೈಗೆ ಹತ್ತಿದೆಯಾ?

ಇಲ್ಲ, ಸೊರಗಿದ್ದಾನೆ ಎಂದಳು ಸೊಸೆ. ಇನ್ನೂ ಸೊರಗಲಿ ಎಂದರು ಅತ್ತೆ. ದಿನವೂ ಇದೇ. ಒಂದು ಸಂಜೆ ಮಾತ್ರ ಅವಳ ಬಾಯಿ ಜಾರಿತು.

"ಸಾಕು ಬಿಡಿ ಅತ್ತೆ."

ಬಟ್ಟೆ ಮಡಿಸುತ್ತಿದ್ದ ಅತ್ತೆಯ ಕೈ ನಿಂತಿತು.

"ಯಾರಿಗೆ ಸಾಕು? ನನಗಂತೂ ಸಾಕಾಗಿಲ್ಲ. ನಿನಗೆ ಸಾಕಾಯ್ತಾ?"

ಅವಳು ಮಡಿಸಿಟ್ಟ ಬಟ್ಟೆ ಎತ್ತಿಕೊಂಡು ಒಳಗೆ ಹೋದಳು. ಅಂಗಳದಲ್ಲಿ ಯಾರು ಕಂಟೇನರಿನೊಳಗೆ ಹೋದರೂ ಅವನು ಹೊರಗೆ ಬಾಗಿಲಿಗೆ ಅಂಗೈ ಒತ್ತಿ ನಿಲ್ಲುತ್ತಿದ್ದ. ಅವರು ಬರುವ ತನಕ ಕದಲುತ್ತಿರಲಿಲ್ಲ. ಅದನ್ನು ನೋಡಿ ನೋಡಿ ಅವಳ ಕಿವಿ ಅವನ ಬೂಟಿನ ಸದ್ದನ್ನು ಗುರುತು ಹಿಡಿಯಲು ಕಲಿತಿತ್ತು.

'ಛೀ... ಯಾರ ಹೆಜ್ಜೆಗೆ ಕಾಯ್ತಾ ಇದ್ದೀನಿ ನಾನು?'

ಮರುದಿನ ಅವಳ ನಾಲಿಗೆ ಇನ್ನಷ್ಟು ಹರಿತವಾಯಿತು.

ಕೊನೆಯ ಪರೀಕ್ಷೆ ಅಣಕು ಅಪಘಾತ. ಗ್ಯಾಸ್ ಸುಳ್ಳು, ದೀಪ ಮಾತ್ರ ನಿಜ. ಒಳಗೆ ಸಿಕ್ಕಿಬಿದ್ದವರಂತೆ ಯಾರಾದರೂ ಬಾಗಿಲು ತಟ್ಟಬೇಕು. ದೀಪ ಆರಿದ ಮೇಲೆ ಮೇಲ್ವಿಚಾರಕ ತೆಗೆಯಬೇಕು. ದೀಪ ಆರಿಸುವ ಗುಂಡಿ ಪರೀಕ್ಷಕಿಯ ಕೈಯಲ್ಲಿ.

ಒಳಗೆ ತಾನೇ ಹೋಗುವುದಾಗಿ ಅವಳು ಹೇಳಿದಳು. ಅವನು ಬಾಗಿಲಿಗೆ ಅಡ್ಡ ನಿಂತ, ಆಮೇಲೆ ಸರಿದು ದಾರಿ ಬಿಟ್ಟ.

ಕತ್ತಲಲ್ಲಿ ನಿಂತು ಅವಳು ತಟ್ಟಿದಳು. ದೀಪ ಆರಿಸಲಿಲ್ಲ.

ಕೇಳಲಿ ಅವನು! ಅಂದು ಕೇಳಿದ್ದನ್ನೇ ಮತ್ತೆ ಕೇಳಲಿ. ಮೊದಲು ಬೆರಳಿನಿಂದ, ಆಮೇಲೆ ಮುಷ್ಟಿಯಿಂದ. ಹೊರಗೆ ಅವನು ಏನೋ ಕೂಗಿ ಹೇಳಿದ್ದು, ಬೂಟುಗಳು ಓಡಿದ್ದು ಕೇಳಿಸಿತು. ಅವಳು ಎರಡೂ ಕೈಯಿಂದ ಬಡಿದಳು. ಯಾವಾಗಲೋ ಬಾಯಿಂದ ಗಂಡನ ಹೆಸರು ಬಂದುಬಿಟ್ಟಿತು. ಆಮೇಲೆ ಅವಳು ಯಾರನ್ನು ಕರೆದಳೋ ಅವಳಿಗೇ ತಿಳಿಯದು.

ಬಾಗಿಲು ತೆರೆಯಿತು.

ಅವನೊಬ್ಬನೇ ಇದ್ದ. ಉಳಿದವರೆಲ್ಲ ದೂರದ ಗೇಟಿನಾಚೆ ನಿಂತಿದ್ದರು.

"ದೀಪ ಇನ್ನೂ ಕೆಂಪಗಿದೆ," ಎಂದಳು. "ನೀವು ಫೇಲ್."

"ಗೊತ್ತು."

"ಗ್ಯಾಸ್ ಸುಳ್ಳು ಅಂತ ಗೊತ್ತಿತ್ತಲ್ಲ? ಕಾಯೋಕೆ ಏನಾಗಿತ್ತು?"

"ಗ್ಯಾಸ್ ಸುಳ್ಳು. ನೀವು ತಟ್ಟಿದ್ದು ಸುಳ್ಳಾಗಿರಲಿಲ್ಲ."

ಅವಳು ಹೊರಗೆ ಬಂದು ಅವನೆದುರು ನಿಂತಳು.

"ನನಗೆ ತೆಗೆದ್ರಿ... ಅವರಿಗೆ ಯಾಕೆ ತೆಗೀಲಿಲ್ಲ?"

ಅವನು ಬೆಚ್ಚಲಿಲ್ಲ. ಮೊದಲ ದಿನವೇ ಗುರುತು ಹಿಡಿದಿದ್ದನಂತೆ. ಊಟದ ಬಿಡುವಿನಲ್ಲಿ ಅವಳ ಗಂಡ ಅವಳ ಫೋಟೋ ತೋರಿಸಿ ಎಲ್ಲರ ತಲೆ ತಿನ್ನುತ್ತಿದ್ದನಂತೆ.

"ಅವತ್ತು ನನ್ನ ಪಕ್ಕ ಆರು ಜನ ಇದ್ರು. ಓಡಿ ಅಂದೆ, ಬೈದೆ. ಗೆಳೆಯ ಒಳಗಿದ್ದಾನೆ ಅಂತ ಯಾರೂ ಕದಲಲಿಲ್ಲ. ತೆಗೆದಿದ್ರೆ ಆರು ಮನೆ ಹಾಳಾಗ್ತಿತ್ತು." ಅವನು ಗೇಟಿನತ್ತ ನೋಡಿದ. "ಇವತ್ತು ಅವರೆಲ್ಲ ಹೋದ್ರು. ಉಳಿದ್ರೆ ಇಬ್ಬರೂ, ಹೋದ್ರೆ ಇಬ್ಬರೂ ಅಂದ್ಕೊಂಡು ತೆಗೆದೆ."

"ಅವರು ತಟ್ಟಿದ್ರಾ?"

ವೈದ್ಯರು, ಅಧಿಕಾರಿಗಳು ಎಲ್ಲರೂ ಅವಳಿಗೆ ಹೇಳಿದ್ದು ಒಂದೇ. ತಕ್ಷಣ ಪ್ರಾಣ ಹೋಯಿತು, ನರಳಲಿಲ್ಲ. ಇವನೂ ಹಾಗೆಯೇ ಹೇಳಿಬಿಡಬಹುದಿತ್ತು.

"ತಟ್ಟಿದ್ರು."

"ತುಂಬ ಹೊತ್ತಾ?"

"ನಿಮ್ಮಷ್ಟು ಹೊತ್ತಲ್ಲ."

ಅವಳು ಅವನ ಕೆನ್ನೆಗೆ ಹೊಡೆದಳು. ಮತ್ತೆ ಎತ್ತಿದ ಕೈ ಅವನ ಅಂಗಿಯನ್ನು ಹಿಡಿದುಕೊಂಡಿತು, ಬಿಡಲಿಲ್ಲ. ಎರಡು ವರ್ಷ ತಡೆದಿಟ್ಟ ಅಳು ಈಗ ಬಂತು. ಜಗತ್ತಿನಲ್ಲಿ ತನಗೆ ಸುಳ್ಳು ಹೇಳದವನು ಇವನೊಬ್ಬನೇ. ಇವನೇ ಯಾಕಾಗಬೇಕಿತ್ತು?

"ನಿಮ್ಮನ್ನ ಫೇಲ್ ಮಾಡ್ತೀನಿ," ಎಂದಳು ಬಿಕ್ಕುತ್ತಲೇ. "ಕೆಲಸ ಹೋಗುತ್ತೆ."

"ಹೋಗ್ಲಿ. ಇನ್ನೊಂದು ಸಲ ನನ್ನಿಂದ ಬಾಗಿಲು ಮುಚ್ಚಿ ನಿಲ್ಲೋಕಾಗಲ್ಲ."

"ಅತ್ತೆಗೆ ಏನು ಹೇಳ್ಲಿ?"

"ಕೆಲಸ ಹೋಯ್ತು ಅನ್ನಿ. ಸಮಾಧಾನ ಪಡ್ಲಿ."

"ಉಳಿದಿದ್ದು?"

"ಅದನ್ನ ನಾನೇ ಬಂದು ಹೇಳ್ತೀನಿ."

"ಒಳಗೆ ಬಿಟ್ಕೊಳಲ್ಲ ಅವರು."

"ಹೊರಗೇ ನಿಂತಿರ್ತೀನಿ."

ಅಂಗಿ ಬಿಟ್ಟ ಅವಳ ಬೆರಳುಗಳು ಅವನ ಬೆರಳುಗಳ ನಡುವೆ ಸೇರಿದವು.

"ಕೈ ನಡುಗ್ತಾ ಇದೆ," ಎಂದಳು.

"ಯಾರದು?"

"ಗೊತ್ತಾಗ್ತಿಲ್ಲ... ಬಿಡಬೇಡಿ."