ಹೊಸ ಹೈವೇ ಮೇಲೆ ಅಜ್ಜಿಯ ಮೆಣಸಿನಕಾಯಿ

“ಸರ್, ಒಂದಕ್ಕ ಹೋಗಿ ಬರ್ಲೇನ್ರಿ?”

“ಈಗರ ಹೋಗಿ ಬಂದೀಯಲ್ಲ! ಕುಂದ್ರು,” ಎಂದರು ರುದ್ರಮುನಿ ಸರ್.

ಪುಷ್ಪಲತಾ ಕುಳಿತಳು. ಕುಳಿತಳೆಂದರೆ ಹೆಸರಿಗಷ್ಟೇ, ಕಣ್ಣೆಲ್ಲ ತರಗತಿಯ ಕಿಟಕಿಯಾಚೆ. ಅಲ್ಲಿ ರಾಣೆಬೆನ್ನೂರು ಕಡೆಯಿಂದ ಬರುವ ಹೊಸ ಹೈವೇ ಕರ್ರಗೆ ಹೊಳೆಯುತ್ತಿತ್ತು. ಇಷ್ಟು ದಿನ ಅಡ್ಡ ಇಟ್ಟಿದ್ದ ಡ್ರಮ್ಮುಗಳನ್ನು ಕೆಲಸದವರು ಬದಿಗೆ ಉರುಳಿಸುತ್ತಿದ್ದರು.

ನಿನ್ನೆ ಸಂಜೆ ಎಂಜಿನಿಯರು ಜೀಪಿನಿಂದ ತಲೆ ಹೊರಹಾಕಿ ಹೇಳಿದ್ದರು, “ಏ ಹುಡುಗಿ, ನಾಳೆ ರೋಡ್ ಓಪನ್ ಆಗ್ತದ. ಮೆಣಸಿನಕಾಯಿ ತಗೀಬೇಕಂತ ನಿಮ್ಮಜ್ಜಿಗೆ ಹೇಳು.”

ಆಗ ಅವಳು ಪಕ್ಕದ ಮನೆಯ ಮಧುವಿನ ಜೊತೆ ಹಳೇ ಸೈಕಲ್ ಟೈರನ್ನು ಕೋಲಿನಿಂದ ಹೊಡೆದು ರೇಸ್ ಓಡಿಸುತ್ತಿದ್ದಳು. ಗೆದ್ದದ್ದೂ ಅವಳೇ. ಆ ಖುಷಿಯಲ್ಲಿ ಎಂಜಿನಿಯರ ಮಾತು ಮರೆತೇಹೋಯಿತು!

ಕೊನೆಯ ಡ್ರಮ್ಮೂ ಉರುಳಿತು.

“ಸರ್, ನಮ್ಮಜ್ಜಿ ರೋಡ್ ಮ್ಯಾಲ ಅದಾಳ್ರಿ!” ಎಂದವಳೇ ಹೊರಗೆ ಓಡಿದಳು.

ಅಜ್ಜಿ ಮುತ್ತವ್ವ ಕೆಂಪು ಮೆಣಸಿನಕಾಯಿ ರಾಶಿಯನ್ನು ರಸ್ತೆಯುದ್ದಕ್ಕೂ ಹರವಿ, ಕೊಡೆ ಹಿಡಿದು ಆರಾಮಾಗಿ ಕುಳಿತಿದ್ದಳು.

“ಅಜ್ಜಿ, ಲಗೂ ಏಳು! ಗಾಡಿ ಬಿಡಾಕತ್ತಾರ!”

“ಬಿಡ್ಲೇಳು. ಸರಿಯಾಗಿ ಒಣಗದಿದ್ರ ಬ್ಯಾಡಗಿ ಪ್ಯಾಟ್ಯಾಗ ಯಾರು ಕೇಳ್ತಾರ ಇದನ್ನ? ಹಳೇ ರೋಡಿನ್ಯಾಗ ಎಲ್ಲಾ ಗಾಡಿ ಬಳಸಿಕೊಂಡು ಹೋಗ್ತಿದ್ವು. ಬಸ್ಸಿನ ಹನುಮಪ್ಪ ಅಂತೂ ಗಾಡಿ ನಿಲ್ಲಿಸಿ, ‘ಬಣ್ಣ ಭಾಳ ಚಲೋ ಬಂದೈತಿ ಮುತ್ತವ್ವಾ’ ಅಂತ ಮಾತಾಡ್ಸಿ ಹೋಗ್ತಿದ್ದ.”

ದೂರದಲ್ಲಿ ಬಿಳಿ ಕಾರೊಂದು ಕಂಡಿತು. ಅಜ್ಜಿ ಎದ್ದು, ಬಸ್ಸಿಗೆ ಮಾಡುವಂತೆ ಕೈ ಅಡ್ಡ ಮಾಡಿದಳು. ಕಾರು ಹಾರ್ನ್ ಹೊಡೆಯಿತೇ ಹೊರತು ನಿಧಾನವಾಗಲಿಲ್ಲ. ಪುಷ್ಪಲತಾ ಅಜ್ಜಿಯ ಸೊಂಟ ಹಿಡಿದು ಎಳೆದಳು. ಇಬ್ಬರೂ ಬದಿಯ ಮಣ್ಣಿನಲ್ಲಿ ಬಿದ್ದರು.

ಕಾರು ಮೆಣಸಿನಕಾಯಿ ಮೇಲೆ ಹಾದುಹೋಯಿತು. ಹಿಂದೆಯೇ ಒಂದು ಲಾರಿ. ಘಾಟು ಎದ್ದು ಇಬ್ಬರೂ ಸೀನಿದ್ದೇ ಸೀನಿದ್ದು.

“ಆ ಕಾರಿನವನ ಮಾರಿ ಸುದ್ದಾ ಕಾಣಲಿಲ್ಲ,” ಎಂದಳು ಅಜ್ಜಿ.

ಪುಷ್ಪಲತಾಳಿಗೆ ತಡೆಯಲಾಗಲಿಲ್ಲ. “ಎಂಜಿನಿಯರು ನಿನ್ನೇನ ಹೇಳಿದ್ರು ಅಜ್ಜಿ. ನಾ ಮರ್ತೆ,” ಎಂದು ಅತ್ತುಬಿಟ್ಟಳು.

ಅಜ್ಜಿ ಸೆರಗಿನಿಂದ ಅವಳ ಮುಖ ಒರೆಸಿದಳು. “ಅಳಬ್ಯಾಡ. ನೀ ಹೇಳಿದ್ರೂ ನಾ ಏಳ್ತಿದ್ದಿಲ್ಲ.”

ಮನೆ ಆಚೆ ಬದಿಗಿತ್ತು. ಅಜ್ಜಿ ಒಂದು ಹೆಜ್ಜೆ ಇಟ್ಟು ಹಿಂದೆ ಸರಿದಳು. “ಎತ್ತಾಗಿಂದ ಬರ್ತಾವ ಇವು?”

“ಈ ಕಡೆ ಬಲಕ್ಕಿಂದ ಅಷ್ಟ. ನಡುವಿನ ಕಟ್ಟಿ ದಾಟಿದ ಮ್ಯಾಲ ಎಡಕ್ಕಿಂದ.”

ಅಜ್ಜಿ ಮೊಮ್ಮಗಳ ಕಡೆ ಕೈ ಚಾಚಿದಳು.

ಎರಡು ಲಾರಿಗಳ ನಡುವೆ ಸ್ವಲ್ಪ ಜಾಗ ಸಿಕ್ಕಿತು. ಒಬ್ಬಳೇ ಆಗಿದ್ದರೆ ಪುಷ್ಪಲತಾ ಒಂದೇ ಓಟಕ್ಕೆ ದಾಟಿಬಿಡುತ್ತಿದ್ದಳು. ಅವಳು ಅಜ್ಜಿಯ ಕಾಲು ನೋಡಿದಳು, ದಾರಿ ನೋಡಿದಳು. ಎರಡನೇ ಲಾರಿಯನ್ನೂ ಹೋಗಲು ಬಿಟ್ಟಳು. ಅದರ ಹಿಂದಿನ ಕಾರನ್ನೂ ಬಿಟ್ಟಳು.

“ಇನ್ನೂ ಬ್ಯಾಡ ಅಜ್ಜಿ,” ಎಂದು ಕೈಯನ್ನು ಗಟ್ಟಿಯಾಗಿ ಹಿಡಿದು ನಿಂತಳು.