ಒಂಟಿ ಬಳ್ಳಿಗೆ ಹೂವಿನ ಹುಡಿ

"ಇಷ್ಟೊಂದು ಹೂ ಬಿಟ್ಟು ಒಂದಾದ್ರೂ ಕಾಯಿ ಕಟ್ಟೋಕೆ ಏನು ಧಾಡಿ?"

ಟೈಲರಮ್ಮ ಹಾಗೆ ಕೇಳಿದ್ದು ಯಾರನ್ನೂ ಅಲ್ಲ. ಎದುರಿಗಿದ್ದದ್ದು ಪ್ಯಾಶನ್ ಫ್ರೂಟ್ ಬಳ್ಳಿ, ಅದರಾಚೆ ಮಧ್ಯಾಹ್ನದ ಖಾಲಿ ಬಿಸಿಲು. ಬೀದಿಯವರೆಲ್ಲ ಟೈಲರಮ್ಮ ಎಂದು ಕರೆದರೂ ಅವಳಿಗಿನ್ನೂ ಮೂವತ್ತಮೂರು.

"ಒಂಟಿ ಬಳ್ಳಿ ಅಲ್ವಾ, ಅದೇನು ಮಾಡೀತು ಪಾಪ," ಎಂದಿತು ಬೆನ್ನ ಹಿಂದಿನಿಂದ ಒಂದು ದನಿ.

ತಿರುಗಿದಳು. ರಿಪೇರಿಗೆ ಕೊಟ್ಟಿದ್ದ ಗೋಡೆ ಗಡಿಯಾರವನ್ನು ಕೂಸಿನಂತೆ ಎದೆಗವಚಿಕೊಂಡು ವಾಚ್ ರಿಪೇರಿಯವನು ಬಾಲ್ಕನಿಯ ಬಾಗಿಲಲ್ಲಿ ನಿಂತಿದ್ದ. ಹೇಳಿದ ದಿನಕ್ಕಿಂತ ಐದು ದಿನ ತಡವಾಗಿ.

"ಊರಿಗೆಲ್ಲ ಟೈಮ್ ಸರಿ ಮಾಡೋರು ನೀವು. ನಿಮ್ಮ ಟೈಮ್ ಯಾರು ಸರಿ ಮಾಡ್ಬೇಕು?"

ಅವನ ಕಿವಿ ಕೆಂಪಾಯಿತು. ಉತ್ತರ ಮಾತ್ರ ಬಳ್ಳಿಯ ಬಗ್ಗೆ ಬಂತು. "ಈ ಹಳದಿ ಜಾತಿಗೆ ತನ್ನ ಹೂವಿನ ಹುಡಿ ತನಗೇ ಒಗ್ಗಲ್ಲ. ಬೇರೆ ಬಳ್ಳೀದು ಬೇಕು. ನನ್ನ ಅಂಗಡಿ ಹಿಂದೆ ಡ್ರಮ್ಮಲ್ಲಿ ಒಂದಿದೆ, ನಾನೇ ಬೀಜ ಹಾಕಿ ಬೆಳೆಸಿದ್ದು. ನಾಳೆ ಹೂ ತರ್ಲಾ?"

ಬೀಜ ಎಂದೊಡನೆ ಅವಳ ಮನಸ್ಸು ಮೆತ್ತಗಾಯಿತು. ಅವಳದೂ ಬೀಜದಿಂದ ಬಂದದ್ದೇ. ಮೊದಲ ಸಲ ಬೀಜ ಒಣಗಿಸಿ ತಿಂಗಳುಗಟ್ಟಲೆ ಡಬ್ಬಿಯಲ್ಲಿಟ್ಟು ಬಿತ್ತಿ, ನಲವತ್ತು ದಿನ ಬರೀ ಮಣ್ಣಿಗೆ ನೀರೆರೆದಿದ್ದಳು. ಎರಡನೆಯ ಸಲ ಆಗಷ್ಟೇ ಕೊಯ್ದ ಹಣ್ಣಿನ ಬೀಜದ ಲೋಳೆಯನ್ನು ಬಟ್ಟೆಯಲ್ಲಿ ತಿಕ್ಕಿ ತೊಳೆದು, ನೆನೆಸಿ ಹಾಕಿದಳು. ಹದಿನೆಂಟನೆಯ ದಿನ ಮೂರು ಮೊಳಕೆ ತಲೆಯೆತ್ತಿದವು. ಉಳಿದದ್ದು ಒಂದೇ. ಅದು ಅವಳು ಕಟ್ಟಿದ ಲೇಸಿನ ತುಂಡುಗಳನ್ನು ಹಿಡಿಹಿಡಿದು, ಒಂದೂವರೆ ವರ್ಷದಲ್ಲಿ ಕಂಬಿಯ ತುಂಬ ಹಬ್ಬಿತ್ತು.

ಅವನು ಬಂದ. ಮರುದಿನವೂ ಬಂದ, ಅದರ ಮರುದಿನವೂ. ಆ ಹೂ ಅರಳುವುದೇ ನಡುಹಗಲಿಗೆ. ಸಂಜೆಗೆ ಕಣ್ಣು ಮುಚ್ಚಿಬಿಡುತ್ತದೆ. ಹೀಗಾಗಿ ಗಡಿಯಾರದವನು ಜನ್ಮದಲ್ಲಿ ಮೊದಲ ಬಾರಿಗೆ ಹೊತ್ತಿಗೆ ಸರಿಯಾಗಿ ಬರಲು ಕಲಿತ.

ವಾಚಿನ ಧೂಳು ಕೊಡವುವ ನವಿರಾದ ಬ್ರಷ್ಷಿನಲ್ಲಿ ತಾನು ತಂದ ಹೂವಿನ ಹುಡಿ ತೆಗೆದು, ಅವಳ ಹೂವಿನ ನೆತ್ತಿಯ ಮೂರು ತುದಿಗಳಿಗೆ ಸವರುತ್ತಿದ್ದ. ಅವಳು ಹೂವಿನ ಕತ್ತು ಹಿಡಿದುಕೊಳ್ಳುತ್ತಿದ್ದಳು. ನೇರಳೆ ಎಳೆಗಳ ಆ ಚಕ್ರದ ಮೇಲೆ ಎರಡು ತಲೆಗಳು ಬಾಗಿದಾಗ ಲೋಕವೇ ಮಗ್ಗುಲು ಬದಲಿಸಿ ಮಲಗಿದಂತಿರುತ್ತಿತ್ತು. ಅವಳು ಕಣ್ಣೆತ್ತಿದರೆ ಅವನು ಹೂ ನೋಡುತ್ತಿದ್ದ. ಅವಳು ಕಣ್ಣಿಳಿಸಿದ ಮೇಲೆ ನೋಡುತ್ತಿದ್ದದ್ದು ಹೂವನ್ನಲ್ಲ. ಅದು ಅವಳಿಗೆ ಹೇಗೋ ಗೊತ್ತಾಗುತ್ತಿತ್ತು.

ಒಳಗೆ ಗುಂಡಿಗಳಿಗೆ ಕಾಜಾ ಹೊಲಿಯುತ್ತ ಕೂತ ಅವಳ ಚಿಕ್ಕಮ್ಮ ಕೂಗುತ್ತಿದ್ದರು: "ಏನೇ, ಇನ್ನೂ ಮುಗೀಲಿಲ್ವಾ? ನನ್ನ ಮದುವೇನೇ ಇದಕ್ಕಿಂತ ಬೇಗ ಮುಗಿದಿತ್ತು!"

ತಿಂಗಳು ಕಳೆದು, ಆರು ಕಾಯಿ ನಿಂತ ಮೇಲೆ ಒಂದು ದಿನ ಅವನು ಎರಡು ಗಂಟೆ ತಡವಾಗಿ ಬಂದ. ಬೆವೆತಿದ್ದ.

"ಅಂಗಡಿ ಖಾಲಿ ಮಾಡಿದೆ," ಎಂದ. "ಕಟ್ಟಡ ಕೆಡವ್ತಾರಂತೆ. ಹೊಸ ಜಾಗ ಊರಿನ ಆ ತುದೀಲಿ. ಬಳ್ಳೀನೂ ನಿನ್ನೆ ಸಾಗಿಸಿದೆ. ಎರಡು ಬಸ್ ಹಿಡೀಬೇಕು. ಅದಕ್ಕೇ, ಇನ್ಮೇಲೆ ದಿನಾ..."

"ಪರವಾಗಿಲ್ಲ ಬಿಡಿ. ಆರು ಕಾಯಿ ಸಾಕು ನಮಗೆ."

ಆಡಬೇಕೆಂದಿದ್ದ ಮಾತು ಅದಾಗಿರಲಿಲ್ಲ. ನೆಪವಿಲ್ಲದೆ ಒಂದು ಮೆಟ್ಟಿಲನ್ನೂ ಹತ್ತುವ ಗಂಡಸಲ್ಲ ಇವನು. ಇವತ್ತು ಇಳಿದು ಹೋದರೆ ಮುಗಿಯಿತು. ಇನ್ನೊಂದು ಗಳಿಗೆ ನಿಲ್ಲಿಸಿಕೊಳ್ಳಲೆಂದೇ ಕೇಳಿದಳು: "ನಿಮ್ಮ ಬಳ್ಳೀಲಿ ಎಷ್ಟು ಕಾಯಿ ಬಿಟ್ಟಿದೆ?"

"ಒಂದೂ ಇಲ್ಲ."

"ಅದ್ಯಾಕೆ?"

"ಅದೂ ಒಂಟೀನೇ ಅಲ್ವಾ."

ಅವಳು ಅವನನ್ನೇ ನೋಡಿದಳು. "ತಿಂಗಳಿಂದ ದಿನಾ ಬರ್ತಿದ್ದೀರಿ. ನಮ್ಮದೊಂದು ಹೂ ಒಯ್ಯೋಕೆ ಏನಾಗಿತ್ತು ನಿಮಗೆ?"

"ಕೊಡೋದು ಸುಲಭ ಇತ್ತು. ಕೇಳೋಕೆ ಬಾಯಿ ಬರಲಿಲ್ಲ." ಬ್ರಷ್ಷನ್ನು ಬೆರಳಲ್ಲಿ ತಿರುಗಿಸಿದ. "ಬರೀ ಹೂ ಬೇಕಿದ್ದಿದ್ರೆ ಕೇಳ್ತಿದ್ದೆ."

ಒಳಗೆ ಚಿಕ್ಕಮ್ಮನ ಸೂಜಿಯೂ ನಿಂತಿರಬೇಕು; ಕೆಮ್ಮು ಕೂಡ ಕೇಳಿಸಲಿಲ್ಲ.

"ಈಗ ಬಂತಲ್ಲ ಬಾಯಿ," ಎಂದಳು ಅವಳು ಮೆಲ್ಲಗೆ. "ಕೇಳಿ."

"ಒಂದು ಹೂ ಕೊಡ್ತೀರಾ? ಮುಚ್ಚಿಕೊಳ್ಳೋ ಮುಂಚೆ ಮುಟ್ಟಿಸ್ತೀನಿ."

ಅವಳು ಎಲ್ಲಕ್ಕಿಂತ ಅಗಲವಾಗಿ ಅರಳಿದ್ದ ಹೂವನ್ನು ಬಿಡಿಸಿ ಅಂಗೈಯಲ್ಲಿಟ್ಟುಕೊಂಡಳು. ಕೊರಳಲ್ಲಿದ್ದ ಅಳತೆಯ ಟೇಪು ತೆಗೆದು ಮೊಳೆಗೆ ಹಾಕಿದಳು. ಚಪ್ಪಲಿ ಮೆಟ್ಟಿದಳು.

"ಚಿಕ್ಕಮ್ಮ, ನಾನು ಬರೋದು ಸಂಜೆಯಾಗುತ್ತೆ!"

"ಆಗ್ಲಿ, ಆಗ್ಲಿ! ನಿಧಾನಕ್ಕೆ ಬಾ!"

ಏನೂ ತಿಳಿಯದೆ ಅವನು ಹೂವಿಗೆಂದು ಕೈ ಚಾಚಿ ನಿಂತೇ ಇದ್ದ.

"ಕೊಡಲ್ಲ," ಎಂದಳು ಅವಳು, ಮೆಟ್ಟಿಲಿಳಿಯುತ್ತ. "ನಾನೇ ತರ್ತೀನಿ."